ನಿಂಬೆವ್ವನ ಕೊಡ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆನ್ನುತ್ತಾರೆ. ಆ ವರ್ಷ ಮಾಘ ಮುಗಿಯುತ್ತ ಬಂದರೂ ಅದಕ್ಕೆ ಓಡುವ ಮನಸ್ಸಿರಲಿಲ್ಲ. ಪೂಜ್ಯ ಗುರುಶಾಂತಜ್ಜನವರು ಕೆರೆದಂಡೆಯ ಸಾರ್ವಜನಿಕ ಉದ್ಯಾನದಲ್ಲಿ, ಬೇಸಿಗೆಯಲ್ಲಿ ಬುಡಕ್ಕೆ ನೀರು ನಿಲ್ಲಲೆಂದು ಗಿಡಗಳಿಗೆ ಪಾತಿ ಮಾಡುತ್ತಿದ್ದರು. ಮಠವಿಲ್ಲದ ಆ ಮಹನೀಯರಿಗೆ ಸಲಿಕೆಯೇ ಬೆತ್ತ, ಆ ಕೆಲಸವೇ ಪೂಜೆ.

ಅಲ್ಲಿಗೆ ದಿನವೂ ಕೊಡ ಹೊತ್ತು ಬರುತ್ತಿದ್ದವಳು ನಿಂಬೆವ್ವ. ಮಳೆಗಾಲದಲ್ಲಿ ಶಾಲೆಯ ಮಕ್ಕಳೊಡನೆ ಬಂದು ಅವಳ ಮಗಳು ಕಸ್ತೂರಿ ಒಂದು ಬೇವಿನ ಸಸಿ ನೆಟ್ಟಿದ್ದಳು. ದೀಪಾವಳಿಯ ಹೊತ್ತಿಗೆ ಜ್ವರ ಬಂದು ಹುಡುಗಿ ತೀರಿಕೊಂಡಳು. ಆಮೇಲೆ ಸಸಿಯೂ ಎಲೆ ಉದುರಿಸಿತು. "ಚಳಿಗಾಲದಾಗ ಎಲ್ಲಾ ಬೇವೂ ಬೋಳ ಇರ್ತಾವ ಯಕ್ಕಾ, ಚಿಗುರತೈತಿ ತಗೋ" ಎಂದು ಮಾಲಿ ಫಕೀರಪ್ಪ ಕರುಣೆಯಿಂದ ಸುಳ್ಳು ಹೇಳುತ್ತಲೇ ಬಂದಿದ್ದ. ಆ ಸುಳ್ಳನ್ನೇ ನೆಚ್ಚಿ ಅವಳು ಮೂರು ತಿಂಗಳು ಜೀವ ಹಿಡಿದುಕೊಂಡಿದ್ದಳು.

ಅಂದು ಕೊಡ ಇಳಿಸಿದವಳೇ ಅಜ್ಜನವರ ಪಾದ ಹಿಡಿದಳು. "ನಿಮ್ಮ ಮಾತು ಸುಳ್ಳಾಗೂದಿಲ್ಲಂತ್ರೀ ಅಜ್ಜಾರ. ಚಿಗುರತೈತಿ ಅಂತ ಒಂದ ಮಾತು ಅನ್ರಿ. ಇದು ಹೋದ್ರ ನಾನೂ ಇರಾಂಗಿಲ್ಲ."

ಅಜ್ಜನವರು ಸಸಿಯ ತೊಗಟೆಯನ್ನು ಉಗುರಿನಿಂದ ಕೆರೆದರು. ಹಸಿರಿರಲಿಲ್ಲ. ಬುಡದ ಮಣ್ಣು ಸರಿಸಿ ಅಲ್ಲಿಯೂ ಕೆರೆದು ನೋಡಿದರು. ಪವಾಡ ಕಾಣುವ ಆಸೆಯಿಂದ ಫಕೀರಪ್ಪ ಕೈಮುಗಿದು ನಿಂತಿದ್ದ.

"ಸತ್ತೈತಿ, ತಂಗಿ."

ನಿಂಬೆವ್ವ ಚೀರಿದಳು. "ನೀವೂ ಒಬ್ಬ ಶರಣರೇನ್ರಿ? ನಿಮ್ಮ ನಾಲಗಿ ಸೇದಿ ಹೋಗ್ಲಿ!" ಎಂದು ಬಾಯಿಗೆ ಬಂದಂತೆ ಬೈದಳು. ಅಜ್ಜನವರು ಅವಳೆದುರು ಮಣ್ಣಿನಲ್ಲಿ ಕುಳಿತು ತಾವೂ ಅತ್ತರು. ಬೈಗುಳ ನಿಂತುಹೋಯಿತು. "ಕಸ್ತೂರಿ ಸತ್ತಳ್ರೀ, ಅಜ್ಜಾರ" ಎಂದಳು. ಮಗಳು ಹೋದಾಗಿನಿಂದ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಮಧ್ಯಾಹ್ನ ಅವಳು ಕೊಡ ಎತ್ತಿಕೊಂಡು ಎದ್ದಾಗ ಅಜ್ಜನವರೆಂದರು: "ತುಂಬಿದ ಕೊಡ ಹೊಳ್ಳಿ ಒಯ್ಯಬ್ಯಾಡ."

ಅವಳು ಪಕ್ಕದ ಸಸಿಯ ಪಾತಿಗೆ ನೀರು ಸುರಿದಳು. ಅದು ಯಾರ ಮಗು ನೆಟ್ಟದ್ದೋ ಅವಳಿಗೆ ತಿಳಿಯದು. ಹಿಂತಿರುಗಿ ನೋಡದೆ ಹೋದಳು.

ಮರುದಿನ ಬೆಳಗ್ಗೆ ಅಜ್ಜನವರು ಸಲಿಕೆ ಹಿಡಿದು ಗೇಟಿನತ್ತ ನೋಡುತ್ತ ನಿಂತೇ ಇದ್ದರು. ಒಂದು ಹಿಡಿ ಮಣ್ಣನ್ನೂ ಎತ್ತಲಿಲ್ಲ. ಲೋಕಕ್ಕೆ ಧೈರ್ಯ ಹೇಳುವ ಆ ಮಹಾನುಭಾವರು "ಆಕಿ ಬಂದಳೇನೋ?" ಎಂದು ಫಕೀರಪ್ಪನನ್ನು ಮತ್ತೆ ಮತ್ತೆ ಕೇಳಿದರು.

ಬಿಸಿಲೇರಿದ ಮೇಲೆ ನಿಂಬೆವ್ವ ಬಂದಳು. ಕಣ್ಣು ಊದಿದ್ದವು, ಸೊಂಟದ ಮೇಲೆ ಕೊಡವಿತ್ತು.

"ಇವತ್ತ ಯಾವ ಗಿಡಕ್ಕ ಹಾಕ್ಲಿ, ಅಜ್ಜಾರ?"

ಆಗ ಅಜ್ಜನವರು ಸಲಿಕೆ ಎತ್ತಿದರು.