ದಾರ ಕಡಿದ ಕಲ್ಲು

ಅಜ್ಜಾರಿಗೆ ಸಿಟ್ಟು ಬರುವುದು ಅಪರೂಪ. ಬಂತೆಂದರೆ ಮಾತ್ರ ಹಿಂದು ಮುಂದು ನೋಡುವವರಲ್ಲ. ಮಠದ ಗುರುಗಳಾದರೇನಂತೆ, ಸಿಟ್ಟು ಸಿಟ್ಟೇ.

ಆ ಮಧ್ಯಾಹ್ನ ಹೊಳೆದಂಡೆಯ ಮಠದಲ್ಲಿ ಶಿಷ್ಯರೆಲ್ಲ ಪಂಕ್ತಿಗೆ ಕೂತಿದ್ದರು. ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ರೇವಣ ಎಂಬ ಶಿಷ್ಯ ಬಟ್ಟಲ ತುಂಬ ಅಂಬಲಿ ಹಿಡಿದುಕೊಂಡು ಎದ್ದು ಹೊರಟ.

“ಹೊಟ್ಟಿಬಾಕ!” ಅಜ್ಜಾರು ಗುಡುಗಿದರು. “ದೇವರ ಹೆಸರು ಮುಗಿಯೂತನಕ ತಡಕೊಳ್ಳಾಕ ಆಗೂದಿಲ್ಲೇನು? ಕಣ್ಣ ಮುಂದ ನಿಲ್ಲಬ್ಯಾಡ. ಮಠ ಬಿಟ್ಟು ನಡಿ!”

ರೇವಣ ಬಟ್ಟಲು ಕೆಳಗಿಡಲಿಲ್ಲ. ಹೋಗಿಬಿಟ್ಟ.

ಎತ್ತ ಹೋದ? ಯಾರೂ ನೋಡಲಿಲ್ಲ. ಆ ಮಠದ ಪದ್ಧತಿಯೇ ಹಾಗೆ. ಮಠ ಬಿಡುವವನು ಹಿರಿಯ ಗುರುಗಳ ಗದ್ದಿಗೆಗೆ ಬೆನ್ನು ಮಾಡಿ ನೆಟ್ಟಗೆ ನಡೆಯಬೇಕು. ಉಳಿದವರು ತಲೆ ತಗ್ಗಿಸಿ ಕೂರಬೇಕು, ಹೋಗುವವನ ಬೆನ್ನು ನೋಡಬಾರದು.

ಗದ್ದಿಗೆಗೆ ಬೆನ್ನು ಮಾಡಿದರೆ ಎದುರಿಗೆ ಬೇವಿನ ಗಿಡ. ಗಿಡದಾಚೆ ತುಂಬಿ ಹರಿಯುವ ಹೊಳೆ. ರೇವಣನಿಗೆ ಈಜು ಬರುತ್ತಿರಲಿಲ್ಲ.

ಅವನ ಜೊತೆಗಾರ ಸೋಮಲಿಂಗ ಊಟ ಬಿಟ್ಟು ದಂಡೆಗುಂಟ ಓಡಿದ. ಕೂಗಿದ, ಜೊಂಡು ಸರಿಸಿ ನೋಡಿದ. ಹೊತ್ತು ವಾಲಿದಾಗ ಅಳುತ್ತಾ ಮರಳಿದ.

“ಅಜ್ಜಾರ, ದಂಡಿ ಪೂರಾ ಹುಡುಕಿದೆ. ರೇವಣ ಎಲ್ಲೂ ಇಲ್ಲರೀ.”

ಅಜ್ಜಾರು ಅಂಗಳದಲ್ಲಿ ತಿಗರಿಯ ಮುಂದೆ ಕೂತಿದ್ದರು. ಶಿಷ್ಯರು ತಾವು ಉಣ್ಣುವ ಬಟ್ಟಲನ್ನು ತಾವೇ ಮಾಡಿಕೊಳ್ಳುವ ಕುಂಬಾರ ಚಕ್ರ ಅದು. ಅವರು ಚಕ್ರದ ನಡುವೆ ಒಂದು ಮೊಳೆ ಬಡಿದು, ಮೊಳೆಗೆ ದಾರ ಕಟ್ಟಿ, ದಾರದ ತುದಿಗೊಂದು ಕಲ್ಲು ಕಟ್ಟಿ, ಕಲ್ಲನ್ನು ಚಕ್ರದ ಅಂಚಿನ ಮೇಲೆ ಇಡುತ್ತಿದ್ದರು.

ಸೋಮಲಿಂಗನಿಗೆ ಮೈಯೆಲ್ಲ ಉರಿಯಿತು. “ಮನಷ್ಯಾ ಕಾಣವಲ್ಲ, ನೀವಿಲ್ಲಿ ಆಟ ಆಡಾಕತ್ತೀರೇನ್ರೀ?”

“ಮೊರ ತಗೊಂಡು ಬಾ. ಅಲ್ಲಿ ಬೇವಿನ ಗಿಡದ ಕಡೆ ನಿಂದರು. ಹಾರಿ ಬರೂ ಕಲ್ಲು ಹಿಡಿ.”

ಗುರುಗಳ ಮಾತು, ಮಾಡುವುದೇನು! ಸೋಮಲಿಂಗ ಕಾಳು ಕೇರುವ ಮೊರ ತಂದು ಹಿಡಿದು ನಿಂತ. ಅಜ್ಜಾರು ತಿಗರಿಯನ್ನು ಭರದಿಂದ ತಿರುಗಿಸಿದರು. ಕಲ್ಲು ಸುತ್ತಿತು. ಅದು ಬೇವಿನ ಗಿಡಕ್ಕೆ ಎದುರಾಗುವ ಕಡೆಗೆ ಅಜ್ಜಾರು ಕುಡುಗೋಲಿನ ಅಲಗು ಚಾಚಿದರು. ದಾರ ಬಂದು ಅಲಗಿಗೆ ತಾಗಿ ಕಡಿಯಿತು.

ಕಲ್ಲು ಮೊರದ ಕಡೆ ಬರಲೇ ಇಲ್ಲ. ಪಕ್ಕಕ್ಕೆ ಹಾರಿ ಕೊಟ್ಟಿಗೆಯ ಗೋಡೆಗೆ ಬಡಿಯಿತು.

“ಅಯ್ಯ! ಸೊಟ್ಟ ಹೋತಲ್ರೀ!”

“ಇನ್ನೊಮ್ಮೆ.”

ಇನ್ನೊಮ್ಮೆಯೂ ಕೊಟ್ಟಿಗೆಯ ಗೋಡೆಯೇ. ಸೋಮಲಿಂಗನ ತಲೆ ಮೊಸರುಗಡಿಗೆಯಾಯಿತು. ಬೇವಿನ ಗಿಡದ ಎದುರಿಗೇ ದಾರ ಕಡಿದಿದೆ. ನಡುವಿನಿಂದ ದೂರ ಎಸೆದರೆ ಅದು ತನ್ನ ಕಡೆಗೇ ಬರಬೇಕಲ್ಲ?

“ತಿಗರಿ ಅದನ್ನ ಹೊರಗ ಎಸೀತೈತಿ, ಹೌದಿಲ್ರೀ?”

“ಯಾರೂ ಎಸೀಲಿಲ್ಲೋ ತಮ್ಮಾ. ದಾರ ಇರೂತನಕ ಎಳಕೊಂಡು ತಿರುಗಸ್ತಿತ್ತು. ದಾರ ಹೋದ ಮ್ಯಾಲ ಅದು ನೆಟ್ಟಗ ಹೋತು, ಅಷ್ಟ.”

“ನೆಟ್ಟಗಂದ್ರ ನನ್ನ ಕಡೆ ಬರಬೇಕಿತ್ತು!”

“ಕಡದಾಗ ಅದು ಎಲ್ಲಿತ್ತು?”

“ಬೇವಿನ ಗಿಡದ ಕಡೆ.”

“ಎತ್ತ ಹೊಂಟಿತ್ತು?”

ಸೋಮಲಿಂಗ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆದು ನೋಡಿದ. ಬೇವಿನ ಗಿಡದ ಎದುರಿಗೆ ಬಂದ ಬೆರಳು ಗಿಡದ ಕಡೆ ಹೊರಟಿರಲಿಲ್ಲ, ಕೊಟ್ಟಿಗೆಯ ಕಡೆ ಹೊರಟಿತ್ತು.

“ಇದ್ದದ್ದ ಬ್ಯಾರೆ, ಹೊಂಟದ್ದ ಬ್ಯಾರೆ,” ಅಂದರು ಅಜ್ಜಾರು. ಕುಡುಗೋಲು ಕೆಳಗಿಟ್ಟರು. “ಈಗ ಹೇಳು. ನಾ ಬೈದಾಗ ರೇವಣ ಎತ್ತ ಹೊಂಟಿದ್ದ?”

“ಪಂಕ್ತಿ ಬಿಟ್ಟು ಎದ್ದಿದ್ದ. ಹಿತ್ತಲ ಬಾಗಲದ ಕಡೆ ಮಾರಿ ಮಾಡಿದ್ದ.”

“ಹಿತ್ತಲಾಚೆ ಏನೈತಿ?”

“ಏನೂ ಇಲ್ಲರೀ. ಇಟ್ಟಂಗಿ ಭಟ್ಟಿ ಐತಿ, ಹಾಳು ಬಿದ್ದದ್ದು. ಅಲ್ಲಿ ಹುಲಗಪ್ಪ ಮುದುಕ ಜ್ವರ ಬಂದು…”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಹಂಗಾದ್ರ ಆ ಅಂಬಲಿ…” ಸೋಮಲಿಂಗ ತೊದಲಿದ. “ಅಜ್ಜಾರ, ಅದು ಅವನ ಹೊಟ್ಟಿಗಲ್ಲ!”

ನಾಚಿಕೆಯಿಂದ ಅಜ್ಜಾರ ಮುಖ ಕಪ್ಪಾಯಿತು.

ಸೋಮಲಿಂಗ ಬಿಡಲಿಲ್ಲ. ಬಿಡುವ ಜಾಯಮಾನವೇ ಅವನದಲ್ಲ. “ಯಾರೂ ಎಸೀಲಿಲ್ಲ ಅಂದ್ರಿ. ಮತ್ತ ದಾರ ಕಡದವರು ಯಾರ್ರೀ?”

“ನಾನಪ್ಪ. ನಡಿ.”

ಹಿತ್ತಲು ದಾಟಿ, ಮುಳ್ಳುಕಂಟಿ ಸರಿಸಿ ಭಟ್ಟಿಗೆ ಹೋದರು. ಸೋಮಲಿಂಗ ಮುಂದೆ ಓಡಿ ಒಳಗೆ ಇಣುಕಿದ. “ಅದಾನರೀ!” ಎಂದು ಕೂಗಿ ಅಳತೊಡಗಿದ, ಸಂತೋಷಕ್ಕೆ.

ಮುದುಕನಿಗೆ ಆಗಷ್ಟೇ ಎಚ್ಚರವಾಗಿತ್ತು, ತಲೆ ಒಂದು ಕಡೆ ವಾಲುತ್ತಿತ್ತು. ರೇವಣ ಒಂದು ಕೈಯಲ್ಲಿ ತಲೆ ಎತ್ತಿ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಒದ್ದಾಡುತ್ತಿದ್ದ. ಅರ್ಧ ಅಂಬಲಿ ಗದ್ದದ ಮೇಲೆ ಸುರಿದಿತ್ತು. ಅಜ್ಜಾರನ್ನು ಕಂಡವನೇ ಬೆದರಿದ.

“ಹೋಗ್ತೀನ್ರೀ ಅಜ್ಜಾರ. ಮಠ ಬಿಡು ಅಂದ್ರಿ, ಬಿಟ್ಟೀನಿ. ಇವರದೊಂದು ಬಟ್ಟಲ ಮುಗೀಲಿ, ಹೋಗಿಬಿಡ್ತೀನಿ.”

ಸೋಮಲಿಂಗ ಕಣ್ಣೊರೆಸಿಕೊಂಡ. ಅವನಿಗೆ ಮತ್ತೆ ಗೊಂದಲ. ಅಜ್ಜಾರು ಬಾಯಿಬಿಟ್ಟು ಹೊರಹಾಕಿದ್ದಾರೆ. ಆಡಿದ ಮಾತು ಹಿಂದೆ ತಗೊಂಡಿಲ್ಲ.

“ಅಜ್ಜಾರ, ಈಗ ಇವ ಮಠದಾಗ ಇದ್ದಂಗೋ, ಮಠ ಬಿಟ್ಟಂಗೋ?”

ಅಜ್ಜಾರು ಕಾವಿ ಎತ್ತಿ ಕಟ್ಟಿ, ಮುದುಕನ ತಲೆದೆಸೆಯಲ್ಲಿ ಮಣ್ಣಿನ ಮೇಲೆಯೇ ಕೂತರು.

“ರೇವಣಾ, ತಲಿ ನಾ ಹಿಡಕೋತೀನಿ. ನೀ ಕುಡಸು.”