ಕಡಲು ಇಟ್ಟುಕೊಂಡ ಬಣ್ಣ

ಆಗ ಲೋಕಕ್ಕೆ ಇನ್ನೂ ಹಾಲುಹಲ್ಲು. ಬೆಟ್ಟಗಳು ಕೂತ ಜಾಗ ಸರಿಬರಲಿಲ್ಲವೆಂದು ಒಮ್ಮೊಮ್ಮೆ ಎದ್ದು ಸರಿದು ಕೂರುತ್ತಿದ್ದವು. ಗಾಳಿ ಯಾರ ಮನೆಗೆ ಹೋದರೂ ಬಾಗಿಲು ತಟ್ಟಿ, ಹೆಸರು ಹೇಳಿ, ಆಮೇಲೆ ಒಳಗೆ ಬರುತ್ತಿತ್ತು. ಕಲ್ಲು, ನೀರು, ಮನುಷ್ಯರು, ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ನಮ್ಮ ಪಡುಗಡಲನ್ನು ದಾಟಿ, ಅದರಾಚೆಯ ಮರಳುಗಾಡನ್ನೂ ದಾಟಿ ಹೋದರೆ ಮೂರು ಖಂಡಗಳ ನಡುವೆ ಒಂದು ನೀಲಿ ಕಡಲಿದೆ. ಭೂಮಧ್ಯ ಸಮುದ್ರ ಅನ್ನುತ್ತಾರೆ. ಅದರ ದಡದಲ್ಲಿ ಒಂದು ಕಡೆ ಬೆಟ್ಟವು ಕುದುರೆಲಾಳದ ಹಾಗೆ ಬಾಗಿ, ಒಂದು ತುಂಡು ನೆಲವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಿತ್ತು. ಮೂರು ಕಡೆ ಬಂಡೆ, ಒಂದು ಕಡೆ ನೀರು. ಅಲ್ಲಿ ಮರಳೇ ಇರಲಿಲ್ಲ. ಬರೀ ಕಲ್ಲು. ಅಂಗೈಯಷ್ಟು ಕಲ್ಲು, ಮೊಟ್ಟೆಯಷ್ಟು ಕಲ್ಲು, ಹುಣಸೆಬೀಜದಷ್ಟು ಕಲ್ಲು.

ಆ ಕಲ್ಲುಗಳ ಬಣ್ಣ ಏನೆಂದು ಹೇಳಲಿ! ದಾಳಿಂಬೆ ಕಾಳಿನ ಕೆಂಪು, ಎಳೆಯ ಆಲಿವ್ ಕಾಯಿಯ ಹಸಿರು, ಜೇನಿನ ಹಳದಿ, ಪಾರಿವಾಳದ ಕತ್ತಿನ ನೀಲಿ. ಒದ್ದೆಯಾಗಿದ್ದಾಗಲೂ ಅದೇ ಬಣ್ಣ, ಒಣಗಿದಾಗಲೂ ಅದೇ ಬಣ್ಣ. ಆಗಿನ ಕಲ್ಲುಗಳು ಹಾಗೇ ಇದ್ದವು. ಅಂಚು ಮಾತ್ರ ಚೂಪು, ಬರಿಗಾಲಲ್ಲಿ ನಡೆದರೆ ಕುಯ್ಯುತ್ತಿತ್ತು.

ಆ ದಡದಲ್ಲಿ ಇದ್ದದ್ದು ಒಂದೇ ಮನೆ. ಮೀನು ಹಿಡಿಯುವ ಸ್ತಮಾತಿಸ್, ಅವನ ಹೆಂಡತಿ, ಅವರ ಒಬ್ಬಳೇ ಮಗಳು ಮೆಲ್ಪೋ. ಮನೆಯ ಹಿಂದೆ ಒಂದು ಅಂಜೂರದ ಮರ, ಮರದ ಬುಡದಲ್ಲಿ ಸಿಹಿನೀರಿನ ಒರತೆ. ಆಡಲು ಅಕ್ಕಪಕ್ಕ ಮಕ್ಕಳಿರಲಿಲ್ಲವಲ್ಲ, ಮೆಲ್ಪೋಗೆ ಕಡಲೇ ಗೆಳತಿ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದು ಅವಳು ನಂಬಿದ್ದಳು.

ಬೆಳಿಗ್ಗೆ ಎದ್ದರೆ ಕಡಲು ಕರೆಯುತ್ತಿತ್ತು, "ಮೆಲ್ಪೋ, ಬಾರೇ!"

"ಇರೇ, ರೊಟ್ಟಿ ತಿಂದು ಬರ್ತೀನಿ!"

ಈಜಿ ಈಜಿ ತುಟಿ ನೀಲಿಯಾದ ಮೇಲೆ ಅವಳು ಬಿಸಿಲಿಗೆ ಕಾದ ಕಲ್ಲುಗಳ ಮೇಲೆ ಬೋರಲು ಮಲಗುತ್ತಿದ್ದಳು. ಬಂಡೆಯ ಗುಳಿಗಳಲ್ಲಿ ನೀರು ಇಂಗಿ ಉಪ್ಪು ಕಟ್ಟಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ಸೌತೆಕಾಯಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಹೊಟ್ಟೆಯ ಕೆಳಗೆ ಕಲ್ಲಿನ ಬಿಸಿ, ಬೆನ್ನ ಮೇಲೆ ಬಿಸಿಲಿನ ಬಿಸಿ, ಬಾಯಲ್ಲಿ ಉಪ್ಪು. ಇದಕ್ಕಿಂತ ಹೆಚ್ಚಿನ ಸುಖ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಒಂಬತ್ತು ತುಂಬಿದ ವರ್ಷ ಸ್ತಮಾತಿಸನ ಕೈ ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಹುಟ್ಟು ಹಾಕಲಾಗದ ಮೇಲೆ ಮೀನು ಹಿಡಿಯುವುದೆಲ್ಲಿ ಬಂತು? ಬೆಟ್ಟದಾಚೆ ಸೋದರಮಾವನ ಊರು. ಅಲ್ಲಿ ಆಡು ಕಾಯ್ದುಕೊಂಡಿದ್ದರೆ ಆಯಿತು ಎಂದು ಗಂಟುಮೂಟೆ ಕಟ್ಟಿದರು.

ಮೆಲ್ಪೋ ಹಸಿರು ಕಲ್ಲೊಂದನ್ನು ಎತ್ತಿಕೊಂಡಳು.

"ಬೆಟ್ಟ ಹತ್ತುವವರು ಯಾರಾದರೂ ಕಲ್ಲು ಹೊರುತ್ತಾರೇನೇ?" ಅಂದಳು ಅಮ್ಮ.

ಮೆಲ್ಪೋ ಮುಷ್ಟಿ ಬಿಚ್ಚಲಿಲ್ಲ. ಏರುದಾರಿಯ ತುದಿ ಮುಟ್ಟುವವರೆಗೂ ಹಿಂದಿನಿಂದ ಕಡಲು ಕೂಗುತ್ತಲೇ ಇತ್ತು, "ನಾಳೆ ಬರ್ತೀಯಲ್ಲ? ಮೆಲ್ಪೋ, ನಾಳೆ ಬರ್ತೀಯಲ್ಲ?"

ಬೆಟ್ಟದಾಚೆಯ ಊರು ಸುಣ್ಣಕಲ್ಲಿನ ಊರು. ದಾರಿ ಬಿಳಿ, ಗೋಡೆ ಬಿಳಿ, ಆಡುಗಳ ರೆಪ್ಪೆಯ ಮೇಲೂ ಬಿಳಿ ಧೂಳು. ಮೆಲ್ಪೋ ಅಲ್ಲೇ ಬೆಳೆದಳು. ಅಲ್ಲೇ ಮದುವೆಯಾದಳು, ಮಕ್ಕಳನ್ನು ಹೆತ್ತಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. ಕಿಟಕಿಯಲ್ಲಿ ಅವಳ ಹಸಿರು ಕಲ್ಲು ಕೂತಿರುತ್ತಿತ್ತು.

ಬಂದವರೆಲ್ಲ ಕೇಳುವವರೇ. "ಇಂಥ ಕಲ್ಲು ಎಲ್ಲಿ ಸಿಗುತ್ತೆ, ಮೆಲ್ಪೋ?"

ಕೇಳಿದರೆ ಸಾಕು, ಅವಳ ಬಾಯಿ ಕಟ್ಟೆಯೊಡೆದ ಕೆರೆಯಾಗುತ್ತಿತ್ತು. ಎಲ್ಲಿ ದಾರಿ ಕವಲೊಡೆಯುತ್ತದೆ, ಯಾವ ಪೈನ್ ಮರದ ಬಳಿ ಎಡಕ್ಕೆ ತಿರುಗಬೇಕು, ಎಲ್ಲಿ ಮೊದಲ ಸಲ ಉಪ್ಪುಗಾಳಿ ಮೂಗಿಗೆ ಬಡಿಯುತ್ತದೆ, ಒಂದನ್ನೂ ಬಿಡದೆ ಹೇಳುತ್ತಿದ್ದಳು. ಹೇಳುವಾಗ ತಾನೇ ಆ ದಾರಿಯಲ್ಲಿ ಇಳಿದುಹೋಗುತ್ತಿದ್ದಳು. ಕೇಳುವವರು ದಾರಿಯ ಗುರುತು ಹಿಡಿಯುತ್ತಿದ್ದಾರೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮನೆ ಕಟ್ಟುವ ಪಂತೆಲಿಸ್ ಮೊದಲು ಹೋದ. ಎರಡು ಕತ್ತೆಗಳ ಮೇಲೆ ಕಲ್ಲು ತುಂಬಿಕೊಂಡು ಬಂದು, ತನ್ನ ಮನೆಯ ಮುಂಗೋಡೆಗೆ ಕೂರಿಸಿದ. ಊರು ಬಾಯಿ ಬಿಟ್ಟುಕೊಂಡು ನೋಡಿತು. ಆಮೇಲೆ ಇನ್ನೊಬ್ಬ ಹೋದ, ಮತ್ತೊಬ್ಬ ಹೋದ. ವರ್ಷ ಕಳೆಯುವುದರಲ್ಲಿ ಬಿಳಿಯ ಊರು ಕೆಂಪಾಯಿತು, ಹಳದಿಯಾಯಿತು, ನೀಲಿಯಾಯಿತು. ಮೊದಮೊದಲು ಮೆಲ್ಪೋಗೆ ಖುಷಿಯೇ. ತನ್ನ ದಡವೇ ತನ್ನನ್ನು ಹುಡುಕಿಕೊಂಡು ಬಂತು ಅಂದುಕೊಂಡಳು.

ಆದರೆ ನೋಡಿದಷ್ಟೂ ಆಸೆ ಕೆರಳಿತು. ಒಂದು ಬೆಳಿಗ್ಗೆ ಸೊಸೆಗೆ, "ಒಂದು ಸಲ ನೋಡಿ ಬರ್ತೀನಿ ಕಣಮ್ಮ," ಅಂದಳು.

"ಈ ವಯಸ್ಸಲ್ಲಿ ಆ ಬೆಟ್ಟ ಹತ್ತಿ ಇಳೀತೀರಾ, ಅತ್ತೆ?"

"ಒಂಬತ್ತು ವರ್ಷಕ್ಕೆ ಹತ್ತಿದ್ದೆ. ಎಪ್ಪತ್ತಕ್ಕೆ ಇಳಿಯೋದು ಅಷ್ಟೇ ತಾನೇ?"

ಹಸಿರು ಕಲ್ಲನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು, ಕೋಲು ಹಿಡಿದು ಹೊರಟಳು. ಎರಡು ದಿನ ನಡೆದಳು. ಪೈನ್ ಮರ ಸಿಕ್ಕಿತು. ಉಪ್ಪುಗಾಳಿ ಬಡಿಯಿತು. ಮುದುಕಿಯ ಕಾಲು ಓಡಲು ನೋಡಿತು. ಕೊನೆಯ ತಿರುವು ದಾಟಿ ಕೆಳಗೆ ನೋಡಿದವಳು ಕೋಲಿಗೆ ಜೋತುಬಿದ್ದು ನಿಂತುಬಿಟ್ಟಳು.

ದಡ ಬೋಳಾಗಿತ್ತು. ಕಲ್ಲುಗಳಿದ್ದ ಕಡೆ ಕೆಸರು. ಮೂಲೆಯಲ್ಲಿ ನಾಲ್ಕಾರು ರಾಶಿ ಉಳಿದಿದ್ದರೆ ಹೆಚ್ಚು. ಬಂಡೆಯ ಬುಡ ಕಚ್ಚಿ ತೆಗೆದ ಹಾಗೆ ಒಳಗೆ ಹೋಗಿತ್ತು. ಮನೆ ಇರಲಿಲ್ಲ. ಅಂಜೂರದ ಮರ ಅರ್ಧ ಬೇರನ್ನು ಗಾಳಿಗೆ ಚಾಚಿಕೊಂಡು, ಬೀಳಲೋ ಬೇಡವೋ ಎಂದು ವಾಲಿತ್ತು.

ಅವಳು ನಿಧಾನ ಇಳಿದು ನೀರಿನ ಬಳಿ ಹೋದಳು.

"ಯಾರದು?" ಅಂದಿತು ಕಡಲು.

"ನಾನು ಕಣೇ, ಮೆಲ್ಪೋ."

"ಸುಳ್ಳು. ಮೆಲ್ಪೋ ಚಿಕ್ಕವಳು. ನೀನು ಯಾವುದೋ ಮುದುಕಿ."

ಮೆಲ್ಪೋಗೆ ನಗುವೂ ಬಂತು, ಅಳುವೂ ಬಂತು. ಕೆರ ಕಳಚಿ ನೀರಿಗೆ ಕಾಲಿಟ್ಟಳು. ಕಡಲು ಹಿಮ್ಮಡಿಯನ್ನು ಮುಟ್ಟಿತು, ಹರಡನ್ನು ಮುಟ್ಟಿತು, ಎಡಗಾಲಿನ ಸೊಟ್ಟ ಕಿರುಬೆರಳನ್ನು ಮುಟ್ಟಿತು. ತಟಕ್ಕನೆ ಗುರುತು ಹಿಡಿಯಿತು.

"ನಾಳೆ ಬರ್ತೀಯ ಅಂದುಕೊಂಡಿದ್ದೆ," ಅಂದಿತು. "ಎಷ್ಟು ಉದ್ದದ ನಾಳೆಯೇ ಇದು!"

ಆಮೇಲೆ ಕಡಲು ತನ್ನ ಕಷ್ಟ ಹೇಳಿಕೊಂಡಿತು. "ಕಲ್ಲುಗಳ ಮೇಲೆ ಕಾಲೂರಿ ನಿಲ್ಲುತ್ತಿದ್ದೆ ನಾನು. ಈಗ ಓಡಿಬಂದರೆ ತಡೆಯುವವರಿಲ್ಲ, ಸೀದಾ ಬಂಡೆಗೆ ಹೋಗಿ ಹೊಡೆಯುತ್ತೇನೆ. ನಿಮ್ಮ ಮನೆಯನ್ನು ನಾನೇ ಕೆಡವಿದೆ ಮೆಲ್ಪೋ. ಬೇಕೆಂದು ಮಾಡಲಿಲ್ಲ. ಮರವೂ ಇವತ್ತೋ ನಾಳೆಯೋ."

"ದಾರಿ ಹೇಳಿದವಳು ನಾನೇ," ಅಂದಳು ಮೆಲ್ಪೋ.

ಅಷ್ಟರಲ್ಲಿ ಕತ್ತೆಗಳ ಗಂಟೆ ಕೇಳಿಸಿತು. ಪಂತೆಲಿಸ್ ಬಂದಿದ್ದ, ಆರು ಕತ್ತೆಗಳೊಂದಿಗೆ.

"ಅಯ್ಯೋ, ಮೆಲ್ಪೋ ಅಜ್ಜಿ! ಇಷ್ಟು ದೂರ ಹೇಗೆ ಬಂದಿರಿ?"

"ಪಂತೆಲಿಸ್, ಇಷ್ಟಕ್ಕೆ ಬಿಟ್ಟುಬಿಡಪ್ಪ. ಇನ್ನು ತೆಗೆದರೆ ಈ ದಡವೇ ಉಳಿಯೋಲ್ಲ."

ಅವನು ಕೆಟ್ಟವನಲ್ಲ. ತಲೆ ಕೆರೆದುಕೊಂಡ. "ಮಗಳ ಮದುವೆ ಇದೆ ಅಜ್ಜಿ, ಅಂಗಳಕ್ಕೆ ಹಾಸಬೇಕು. ನಾನು ಬಿಟ್ಟರೆ ಇನ್ನೊಬ್ಬ ಬಂದು ಒಯ್ತಾನೆ. ಬಣ್ಣ ಹಾಗಿದೆಯಲ್ಲ, ಕಂಡವರು ಬಿಡ್ತಾರಾ?"

ಅವನು ಚೀಲ ತುಂಬತೊಡಗಿದ. ಮೆಲ್ಪೋ ಅಂಜೂರದ ಮರದ ಬೇರಿಗೆ ಒರಗಿ ಕೂತು ಅವನ ಮಾತನ್ನೇ ಮೆಲುಕುಹಾಕಿದಳು. ಬಣ್ಣ ಹಾಗಿದೆಯಲ್ಲ. ಕಂಡವರು ಬಿಡ್ತಾರಾ?

ಎದ್ದು ಹೋಗಿ ಕಡಲಿನ ಕಿವಿಯಲ್ಲಿ ಹೇಳಿದಳು, "ಇವುಗಳ ಬಣ್ಣವನ್ನು ನೀನು ಇಟ್ಟುಕೊಳ್ತೀಯಾ? ನಿನ್ನ ಹತ್ತಿರ ಇರುವಾಗ ಕೊಡು. ದೂರ ಹೋದರೆ ವಾಪಸ್ ತೆಗೆದುಕೋ."

ಕಲ್ಲುಗಳು ಗಾಬರಿಯಾದವು. "ಬಣ್ಣ ಇಲ್ಲದಿದ್ದರೆ ನಾವು ಯಾರು?" ಅಂದಿತು ಒಂದು ಕೆಂಪು ಕಲ್ಲು.

"ನೀರಲ್ಲಿದ್ದಾಗ ನೀವೇ," ಅಂದಳು ಮೆಲ್ಪೋ. "ಗೋಡೆಯಲ್ಲಿ ಸಿಕ್ಕಿಕೊಂಡರೆ ಬಣ್ಣ ಇದ್ದೂ ಏನು ಬಂತು, ಮಕ್ಕಳೇ? ನನ್ನನ್ನೇ ನೋಡಿ."

ಕಲ್ಲುಗಳು ಒಂದರ ಮುಖ ಒಂದು ನೋಡಿಕೊಂಡವು. ಒಂದೊಂದಾಗಿ "ಹೂಂ" ಅಂದವು.

ಕಡಲು ಮಾತ್ರ ಅಳುಕಿತು. "ಇಟ್ಟುಕೊಳ್ಳುತ್ತೇನೆ. ಆದರೆ ನನಗೆ ಮರೆವು ಕಣೇ. ಯಾರ ಬಣ್ಣ ಯಾವುದು ಅಂತ ಪ್ರತಿಸಲವೂ ಎಲ್ಲರನ್ನೂ ಮುಟ್ಟಿ, ಹೊರಳಿಸಿ, ತಡವಿ ನೋಡಬೇಕು. ಅಂಚೆಲ್ಲ ಸವೆದು ಹೋದರೆ ಬೈಯಬಾರದು." ಮೆಲ್ಲಗೆ ಸೇರಿಸಿತು, "ಇನ್ನೊಂದು ಮಾತು. ಈ ದಡ ಬಿಟ್ಟು ಹೋದ ಎಲ್ಲ ಕಲ್ಲೂ ಬಣ್ಣ ಕೊಡಬೇಕು. ಒಂದು ಉಳಿದರೂ ಅದನ್ನು ನೋಡಿ ಮತ್ತೆ ಜನ ಬರುತ್ತಾರೆ. ನಿನ್ನ ಚೀಲದಲ್ಲಿರುವುದೂ ಸೇರಿ."

ಗಾಳಿ ಬೀಸುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿತು.

ಮೆಲ್ಪೋ ಹಸಿರು ಕಲ್ಲನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಅರವತ್ತು ವರ್ಷ. ಗಂಡ ತೀರಿಕೊಂಡ ದಿನ ಇದನ್ನು ಹಿಡಿದು ಕೂತಿದ್ದಳು. ಮಕ್ಕಳ ಜ್ವರ ಇಳಿಯದ ದಿನಗಳಲ್ಲಿ ಇದನ್ನು ನೋಡಿಕೊಂಡು ಬೆಳಗು ಮಾಡಿದ್ದಳು. ಆ ಬಿಳಿಯ ಊರಲ್ಲಿ ಅವಳದು ಅಂತ ಇದ್ದದ್ದು ಈ ಒಂದು ಹಸಿರು.

"ತೆಗೆದುಕೋ," ಅಂದಳು.

ಕಡಲು ಉದ್ದಕ್ಕೆ ಉಸಿರೆಳೆದುಕೊಂಡಿತು. ಅಂಗೈಯಲ್ಲಿ ಕಲ್ಲಿನ ಹಸಿರು ನಡುವಿನಿಂದ ಅಂಚಿಗೆ ಸರಿಯಿತು, ಅಂಚಿನಿಂದ ಜಾರಿತು. ಉಳಿದದ್ದು ಒಲೆಯ ಬೂದಿಯಂಥ ಒಂದು ಕಲ್ಲು.

ಏರುದಾರಿಯ ತುದಿ ಮುಟ್ಟಿದ್ದ ಪಂತೆಲಿಸ್ ಮೇಲಿನಿಂದ ಕೂಗಿಕೊಂಡ. "ಇದೇನಿದು! ಬೂದಿ ಹೊತ್ತುಕೊಂಡು ಬಂದೆನೇ ನಾನು?" ಚೀಲಗಳನ್ನು ಅಲ್ಲೇ ಸುರುವಿದ. ಕಲ್ಲುಗಳು ಇಳಿಜಾರಿನಲ್ಲಿ ದಡದಡ ಉರುಳುತ್ತ, ಒಂದನ್ನೊಂದು ಹಿಂದೆ ಹಾಕುತ್ತ ಮನೆಗೆ ಓಡಿಬಂದವು. ಊರಿನಲ್ಲಿ ಗೋಡೆಗಳೆಲ್ಲ ಆ ಸಂಜೆಯೇ ಮಂಕಾದವಂತೆ. ಜನ ಒಂದಷ್ಟು ದಿನ ಬೈದುಕೊಂಡರು, ಆಮೇಲೆ ಸುಣ್ಣ ಬಳಿದರು. ಆ ದಾರಿಯಲ್ಲಿ ಮತ್ತೆ ಯಾವ ಕತ್ತೆಯ ಗಂಟೆಯೂ ಕೇಳಿಸಲಿಲ್ಲ. ಬೆಟ್ಟವೂ ಮಳೆಗಾಲ ಬಂದಾಗಲೆಲ್ಲ ತನ್ನ ಪಾಲಿನ ನಾಲ್ಕು ಕಲ್ಲು ಉದುರಿಸಿ ದಡವನ್ನು ತುಂಬಿತು.

ಆದರೆ ಅದೆಲ್ಲ ಆಮೇಲಿನದು. ಆ ಸಂಜೆ ಮೆಲ್ಪೋ ಬೂದಿಬಣ್ಣದ ಕಲ್ಲನ್ನು ನೀರಿನಂಚಿನಲ್ಲಿ ಇಟ್ಟು ಕುಕ್ಕರಗಾಲಲ್ಲಿ ಕೂತಳು. ಅಲೆಯೊಂದು ಬಂತು. ಕಲ್ಲನ್ನು ಮುಟ್ಟಿತು, ಹೊರಳಿಸಿತು, ತಡವಿತು. ಯಾರೆಂದು ನೆನಪಾದ ಕೂಡಲೇ ಬಣ್ಣ ಕೊಟ್ಟಿತು. ಎಂಥ ಹಸಿರು! ಕಿಟಕಿಯ ಧೂಳಿನಲ್ಲಿ ಕೂತು ಎಷ್ಟು ಮಾಸಿತ್ತು ಅನ್ನುವುದು ಅವಳಿಗೆ ಆಗಲೇ ಗೊತ್ತಾದದ್ದು. ಒಂಬತ್ತು ವರ್ಷದವಳು ಎತ್ತಿಕೊಂಡಿದ್ದ ಕಲ್ಲು ಇದು.

ಅವಳು ಅದನ್ನು ಅಲ್ಲೇ ಬಿಟ್ಟಳು. ಎರಡನೆಯ ಅಲೆ ಅದನ್ನು ಉಳಿದವುಗಳ ನಡುವೆ ಒಯ್ದಿತು.

"ನಾಳೆ ಬರ್ತೀಯಾ?" ಕೇಳಿತು ಕಡಲು.

"ಎಲ್ಲಿಗೂ ಹೋಗೋದಿಲ್ಲ ಕಣೇ," ಅಂದಳು ಮೆಲ್ಪೋ, ಬಿಸಿಯಾರದ ಕಲ್ಲುಗಳ ಮೇಲೆ ಬೆನ್ನು ಚಾಚುತ್ತ. ಇರುವಷ್ಟು ದಿನ ಅವಳು ಅಲ್ಲೇ ಇದ್ದಳು. ಒರತೆಯ ನೀರು ಕುಡಿದು, ವಾಲಿದ ಮರದ ಅಂಜೂರ ತಿಂದು, ಸೊಸೆ ಆಗಾಗ ಬಂದು ಕೊಟ್ಟುಹೋಗುವ ರೊಟ್ಟಿಗೆ ಬಂಡೆಯ ಉಪ್ಪು ಸವರಿಕೊಂಡು.

ಮಿಕ್ಕ ಕಡಲುಗಳಿಗೂ ಹೊಳೆಗಳಿಗೂ ಕಡಲು ಈ ಸುದ್ದಿಯನ್ನು ಮುಟ್ಟಿಸಿತು, ಅವೂ ಹಾಗೇ ಮಾಡತೊಡಗಿದವು. ಅದಕ್ಕೇ ನೋಡು ಮಗು, ಇಂದಿಗೂ ಕಲ್ಲಿನ ದಡದಿಂದ ಅಲೆ ಹಿಂದೆ ಸರಿಯುವಾಗ ಗರಗರ ಸದ್ದಾಗುತ್ತದೆ, ಮರೆಗುಳಿ ಕಡಲು ಒಬ್ಬೊಬ್ಬರನ್ನೂ ತಡವಿ ಯಾರೆಂದು ಕೇಳುವ ಸದ್ದು ಅದು. ಹಾಗೆ ತಡವಿಸಿಕೊಂಡೇ ಕಲ್ಲುಗಳು ನುಣ್ಣಗಾಗಿವೆ, ಮತ್ತು ನೀರಲ್ಲಿ ಮಿರಮಿರ ಮಿಂಚಿದ ಕಲ್ಲನ್ನು ನೀನು ಆಸೆಪಟ್ಟು ಜೇಬಿಗೆ ಹಾಕಿಕೊಂಡರೂ, ಮನೆಗೆ ಬಂದು ತೆಗೆದು ನೋಡುವಾಗ ಅದು ಬಣ್ಣವನ್ನು ಕಡಲಿನ ಹತ್ತಿರವೇ ಬಿಟ್ಟು ಬಂದಿರುತ್ತದೆ.