ಹದ ಆರುವ ಮೊದಲು

ಹೊಳೆಯ ದಡದ ಆ ಮಠದಲ್ಲಿ ಉಳಿದಿದ್ದವರು ಇಬ್ಬರೇ. ಎಂಬತ್ತು ದಾಟಿದ ನಿರ್ವಾಣಜ್ಜರು, ಅವರ ಶಿಷ್ಯ ಹಾಲಪ್ಪ.

ಹಿಂದೆ ಅಲ್ಲಿ ದಿನವೂ ಪಂಕ್ತಿ ಕೂರುತ್ತಿತ್ತು. ದೋಣಿ ಹತ್ತುವವರು, ಇಳಿಯುವವರು, ಯಾರೇ ಬಂದರೂ ರೊಟ್ಟಿ ಸಿಗುತ್ತಿತ್ತು. ಆಮೇಲೆ ಮೇಲ್ಗಡೆ ಸೇತುವೆ ಆಯಿತು, ದೋಣಿ ನಿಂತಿತು. ದೋಣಿಯ ಜೊತೆ ಜನ ಬರುವುದೂ ನಿಂತಿತು. ಉಳಿದ ಶಿಷ್ಯರು ಒಬ್ಬೊಬ್ಬರಾಗಿ ಬೇರೆ ಮಠಗಳ ದಾರಿ ಹಿಡಿದರು.

ಹಾಲಪ್ಪ ಹೋಗಲಿಲ್ಲ. ಅವನಿಗೆ ಜನ ಇಲ್ಲದಿರುವುದೇ ಬೇಕಾಗಿತ್ತು.

ಅವನು ಮೊದಲು ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ಹೆಂಡತಿ ಕೊಟ್ರಮ್ಮ ತೀರಿಕೊಂಡ ವರ್ಷ ಮಠಕ್ಕೆ ಬಂದು ಅಜ್ಜರ ಕಾಲಿಗೆ ಬಿದ್ದಿದ್ದ.

"ಯಾರೂ ಬೇಡ ಅನ್ನೋ ಹಂಗೆ ಬದುಕೋದನ್ನ ಕಲಿಸಿ, ಅಜ್ಜಾರೆ."

"ಕೈಕಾಲು ತೊಳ್ಕೊಂಡು ಬಾ. ಊಟ ಮಾಡು," ಅಂದಿದ್ದರು ಅಜ್ಜರು.

ಅದಾಗಿ ಆರು ವರ್ಷ. ಆ ಮಾತು ಮತ್ತೆ ಬರಲಿಲ್ಲ. ಕೇಳಿದ್ದನ್ನು ತಾನೇ ಕಲಿತುಬಿಟ್ಟೆ ಅಂತ ಹಾಲಪ್ಪ ಅಂದುಕೊಂಡಿದ್ದ. ಅಡುಗೆ ಅವನೇ, ಕಸ ಅವನೇ, ಮೂರು ಎಕರೆ ಹೊಲವೂ ಅವನೇ. "ಅಜ್ಜಾರೆ, ಊಟ" ಅಂತ ದಿನಕ್ಕೆ ಎರಡು ಸಲ ಕರೆಯುತ್ತಿದ್ದ. ಎಷ್ಟೋ ದಿನ ಅವನ ಬಾಯಿಂದ ಅದರಾಚೆ ಏನೂ ಹೊರಡುತ್ತಿರಲಿಲ್ಲ.

ಆ ವರ್ಷ ಚಿತ್ತಿ ಮಳೆ ಚೆನ್ನಾಗಿ ಹುಯ್ದಿತು. ಕರಿ ಮಣ್ಣು ಮೆತ್ತಗಾಗಿ, ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು. ಜೋಳ ಬಿತ್ತಲು ಅದೇ ಹದ. ನಾಲ್ಕು ದಿನ ನಿಲ್ಲುತ್ತದೆ, ಐದನೆಯ ದಿನ ಮಣ್ಣು ಗಟ್ಟಿಯಾಗುತ್ತದೆ.

ಭಕ್ತರೊಬ್ಬರು ಮಠಕ್ಕೆ ಕೊಟ್ಟಿದ್ದ ಪುಟ್ಟ ಟ್ರ್ಯಾಕ್ಟರ್ ಒಂದಿತ್ತು. ಹಾಲಪ್ಪ ಅದನ್ನು ಹೊಲದ ಅಂಚಿಗೆ ತಂದು, ಹಿಂದೆ ಕೂರಿಗೆ ಕಟ್ಟಿ, ಪೆಟ್ಟಿಗೆಗೆ ಬೀಜ ಸುರಿದ. ಅಷ್ಟರಲ್ಲಿ ಕತ್ತಲಾಯಿತು, ಬಿತ್ತನೆಯನ್ನು ನಾಳೆಗೆ ಬಿಟ್ಟ.

ಮರುದಿನ ಬೆಳಿಗ್ಗೆ ಕೀ ತಿರುಗಿಸಿದ.

ಟಕ್.

ಅಷ್ಟೇ. ಮತ್ತೆ ತಿರುಗಿಸಿದ. ಮತ್ತೆ ಟಕ್. ಇಂಜಿನ್ ಒಂದು ಸುತ್ತೂ ತಿರುಗಲಿಲ್ಲ.

ಬ್ಯಾಟರಿ ಇಳಿದಿರಬೇಕು ಅಂದುಕೊಂಡ. ಬಿಚ್ಚಿ ತಲೆಯ ಮೇಲೆ ಹೊತ್ತು ಎರಡು ಮೈಲಿ ನಡೆದು ಊರಿಗೆ ಹೋದ. ಅಂಗಡಿಯವನು ಪರೀಕ್ಷೆ ಮಾಡಿದ.

"ಬ್ಯಾಟರಿ ಗಟ್ಟಿಮುಟ್ಟಾಗೈತಲ್ಲ, ಹಾಲಪ್ಪಣ್ಣ. ಬೇರೆ ಏನೋ ಐತಿ. ನಾನೇ ಬಂದು ನೋಡ್ಲಾ?"

"ಬ್ಯಾಡ. ನಾ ನೋಡ್ಕೊಂತೀನಿ."

ಹೊತ್ತುಕೊಂಡು ವಾಪಸ್ ಬಂದ. ಅಷ್ಟರಲ್ಲಿ ಹೊತ್ತು ಇಳಿದಿತ್ತು.

ಎರಡನೆಯ ದಿನ, ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರನ್ನೇ ಕಳಚಿದ. ಒಳಗಿನ ಕಾರ್ಬನ್ ನೋಡಿದ, ಸವೆದಿರಲಿಲ್ಲ. ಮಸಿ ಒರೆಸಿ, ಗ್ರೀಸ್ ಹಚ್ಚಿ, ಮತ್ತೆ ಕೂರಿಸಿದ. ಕೀ ತಿರುಗಿಸಿದ.

ಟಕ್.

ಮಠದ ಜಗುಲಿ ಅಲ್ಲಿಂದ ಕೂಗಳತೆಯಲ್ಲಿತ್ತು. ಅಜ್ಜರು ಕಂಬಕ್ಕೆ ಒರಗಿ ಕೂತಿದ್ದರು. ಅವರ ಕಣ್ಣಿಗೆ ಆಗಲೇ ಎಲ್ಲವೂ ಮಂಜು ಮಂಜು. ಕಿವಿ ಮಾತ್ರ ಚುರುಕು.

ಊಟಕ್ಕೆ ಕೂತಾಗ ಅವರೇ ಕೇಳಿದರು. "ಏನಂತೈತಪ್ಪ, ಗಾಡಿ?"

"ಆಗ್ತೈತಿ, ಅಜ್ಜಾರೆ."

ಮೂರನೆಯ ದಿನ. ಹೊಲದ ಮೇಲ್ಭಾಗದಲ್ಲಿ ಮಣ್ಣಿನ ಬಣ್ಣ ತಿಳಿಯಾಗತೊಡಗಿತ್ತು. ಹಾಲಪ್ಪ ಅದನ್ನು ನೋಡಿಯೂ ನೋಡದವನಂತೆ ಕೆಲಸಕ್ಕೆ ಇಳಿದ.

ಆ ಟಕ್ ಅನ್ನುವ ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಾದರೆ ಮುಕ್ಕಾಲು ರೋಗ ಗೊತ್ತಾದಂತೆ. ಆದರೆ ಸೀಟಿನ ಮೇಲೆ ಕೂತು ಕೀ ತಿರುಗಿಸಿದರೆ ಸದ್ದಿನ ಜಾಗ ತಿಳಿಯದು. ಇಳಿದು ಓಡಿ ಬಂದು ಕಿವಿ ಇಡುವಷ್ಟರಲ್ಲಿ ಸದ್ದು ಇಲ್ಲ. ಕೀಗೆ ಒಂದು ಕಡ್ಡಿ ಕಟ್ಟಿ, ಕಡ್ಡಿಗೆ ದಾರ ಕಟ್ಟಿ, ಕೆಳಗೆ ಮಲಗಿ ಎಳೆದ. ಕೀ ಅರ್ಧ ತಿರುಗಿ ಜಾರಿತು. ಮತ್ತೆ ಎಳೆದ. ದಾರವೇ ತುಂಡಾಯಿತು.

ಬೆನ್ನಿಗೆ ಮಣ್ಣು ಒತ್ತುತ್ತಿತ್ತು. ಕಣ್ಣಿಗೆ ಬೆವರು ಇಳಿಯುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಟಾರ್ಟರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಅವನು ಜೋರಾಗಿ ಕೂಗಿದ.

"ಹೂಂ, ಕೊಟ್ರೀ, ತಿರುಗಿಸೇ!"

ಕೂಗಿದ ಮೇಲೆ ತನ್ನ ದನಿ ತನಗೇ ಕೇಳಿಸಿತು.

ಗಿರಣಿಯಲ್ಲಿ ಅವನು ಇಂಜಿನ್ ಅಡಿಗೆ ಹೋದಾಗಲೆಲ್ಲ ಕೀ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. ಹದಿನಾರು ವರ್ಷದ ರೂಢಿ. ಆರು ವರ್ಷ ಸುಮ್ಮನಿದ್ದ ನಾಲಿಗೆ ಹೇಳದೆ ಕೇಳದೆ ಆ ಹೆಸರು ಹೇಳಿಬಿಟ್ಟಿತ್ತು.

ಹಾಲಪ್ಪ ಎದ್ದು ಬರಲಿಲ್ಲ. ಟ್ರ್ಯಾಕ್ಟರಿನ ಅಡಿಯಲ್ಲೇ ಮಲಗಿ ಇಂಜಿನ್ನಿನ ಕಪ್ಪು ಹೊಟ್ಟೆಯನ್ನು ನೋಡುತ್ತ ಉಳಿದ. ಎಷ್ಟು ಹೊತ್ತೋ.

ಕೋಲು ಊರುವ ಸದ್ದು ಕೇಳಿಸಿತು. ಮಗ್ಗುಲಾಗಿ ನೋಡಿದರೆ ಎರಡು ಸುಕ್ಕುಗಟ್ಟಿದ ಪಾದ.

"ಎಲ್ಲಿ ಹತ್ತಬೇಕಪ್ಪ, ಇದಕ್ಕೆ?"

"ಅಜ್ಜಾರೆ, ನೀವ್ಯಾಕೆ ಬಂದ್ರಿ! ನಿಮಗೆ ಕಣ್ಣು ಕಾಣಲ್ಲ."

"ಕೀ ತಿರುಗ್ಸೋಕೆ ಕಣ್ಣು ಬೇಕಾ?"

ಹಾಲಪ್ಪ ಎದ್ದು ಅವರ ರಟ್ಟೆ ಹಿಡಿದು ಹತ್ತಿಸಿದ. ಹಗುರವಾಗಿದ್ದರು. ಅವರ ಬೆರಳನ್ನು ಕೀ ಮೇಲೆ ಇಟ್ಟ. ಗೇರು ಬಿಟ್ಟಿದೆಯೇ ಅಂತ ನೋಡಿದ, ಚಕ್ರಕ್ಕೆ ಕಲ್ಲು ಕೊಟ್ಟ, ಮತ್ತೆ ಅಡಿಗೆ ಇಳಿದ.

"ತಿರುಗಿಸಿ."

ಟಕ್. ಸ್ಟಾರ್ಟರ್ ಸುಮ್ಮನಿತ್ತು. ಸದ್ದು ಬಂದದ್ದು ಅಲ್ಲಿಂದಲ್ಲ, ಮೇಲೆ, ಕೀ ಪಕ್ಕದ ಡಬ್ಬಿಯಿಂದ. ಅಲ್ಲಿಂದ ಹೊರಟ ಕರೆಂಟು ಇಲ್ಲಿಗೆ ಮುಟ್ಟುತ್ತಿರಲಿಲ್ಲ.

"ಬಿಡಬೇಡಿ ಅಜ್ಜಾರೆ, ಹಂಗೇ ಹಿಡ್ಕೊಳ್ಳಿ."

"ಹಿಡ್ಕೊಂಡೀನಿ."

ಹಾಲಪ್ಪ ಆ ಡಬ್ಬಿಯಿಂದ ಸ್ಟಾರ್ಟರಿಗೆ ಬರುವ ವೈರನ್ನು ಬೆರಳಲ್ಲಿ ಸವರುತ್ತ ಹೋದ. ಕಾಲಿಡುವ ತಗಡಿನ ಅಂಚಿಗೆ ಅದು ಉಜ್ಜಿ ಉಜ್ಜಿ ಸಿಪ್ಪೆ ಹರಿದಿತ್ತು. ಒಳಗಿನ ತಾಮ್ರ ಹಸಿರುಗಟ್ಟಿ ಬಿಟ್ಟುಕೊಂಡಿತ್ತು. ಎರಡು ಬೆರಳಲ್ಲಿ ಅಲ್ಲಿ ಒತ್ತಿದ.

ಟ್ರ್ಯಾಕ್ಟರ್ ಮೈಯೆಲ್ಲ ನಡುಗಿ ಗುಡುಗಿತು.

"ಎದ್ದಿತು ಕಣೋ!" ಅಂತ ಮೇಲಿನಿಂದ ಅಜ್ಜರು ಕೂಗಿದರು. ಅವರು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಹಾಲಪ್ಪ ಕೇಳಿರಲೇ ಇಲ್ಲ.

ಇಂಜಿನ್ ನಿಲ್ಲಿಸಿ, ವೈರಿನ ಕೊಳೆ ಕೆರೆದು, ಹೆಣೆದು, ಟೇಪು ಸುತ್ತಿದ. ಅರ್ಧ ಗಂಟೆಯ ಕೆಲಸ.

ಸಂಜೆಯವರೆಗೆ ಬಿತ್ತಿದ. ಮೇಲ್ಭಾಗದ ಒಂದು ಎಕರೆಯ ಹದ ಆರಿಹೋಗಿತ್ತು. ಅಲ್ಲಿ ಕೂರಿಗೆ ಇಳಿಯಲೇ ಇಲ್ಲ, ಅದನ್ನು ಬಿಟ್ಟ. ಹೊಳೆಯ ಕಡೆಯ ಎರಡು ಎಕರೆ ಬೀಜ ತೆಗೆದುಕೊಂಡಿತು. ಅಜ್ಜರು ಜಗುಲಿಗೆ ಮರಳಲಿಲ್ಲ. ಬದುವಿನ ಮೇಲೆ ಕೂತು, ಟ್ರ್ಯಾಕ್ಟರ್ ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ ಮುಖ ತಿರುಗಿಸುತ್ತಿದ್ದರು.

ಕೊನೆಯ ಸಾಲು ಮುಗಿಸಿ ಹಾಲಪ್ಪ ಅವರ ಪಕ್ಕದಲ್ಲಿ ಬಂದು ಕೂತ. ಹೊಳೆಯ ಆಚೆ ದಡದಲ್ಲಿ ಯಾರೂ ಇರಲಿಲ್ಲ.

"ಅಜ್ಜಾರೆ, ಮೂರು ದಿನದಿಂದ ನಿಮಗೆ ಎಲ್ಲಾ ಕೇಳಿಸ್ತಿತ್ತು."

"ಕೇಳಿಸ್ತಿತ್ತು."

"ಮೊದಲನೇ ದಿನಾನೇ ಬಂದಿದ್ರೆ ಆ ಒಂದು ಎಕರೆನೂ ಆಗ್ತಿತ್ತು."

"ಆಗ್ತಿತ್ತು. ನೀನು ಕರೀತೀಯ ಅಂತ ಕಾದೆ."

ಹಾಲಪ್ಪ ಅಂಗೈಯ ಮಸಿಯನ್ನು ಮಣ್ಣಿಗೆ ಉಜ್ಜಿದ.

"ನಾನು ಇವತ್ತೂ ಕರೀಲಿಲ್ಲ, ಅಜ್ಜಾರೆ. ನಾನು ಕರೆದಿದ್ದು ಅವಳನ್ನ."

"ಗೊತ್ತು."

"ಮತ್ತೆ ಯಾಕೆ ಬಂದ್ರಿ?"

ಅಜ್ಜರು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು.

"ಒಬ್ಬನೇ ಕೂತು ಕೂತು ನನಗೂ ಸಾಕಾಗಿತ್ತು ಕಣಪ್ಪ."